ಗುಜರಿಗೆ ಹೊಂಟ ಹೊರಸು

ಈ ಹೊರಸು ನೋಡ್ರಿ, ಗುಜರಿಗೆ ಹೊಂಟಿತ್ತು. ಬೈಲಹೊಂಗಲ ಕಡೆ ಹಳೇ ಮನಿ ಕೆಡವಿದಾಗ ಇಂಥಾವು, ತೊಟ್ಟಿಲು, ಬಾಗಲಾ ಚೌಕಟ್ಟು ಎಲ್ಲಾ ಹೊರಗ ಬೀಳ್ತಾವು. ಕೊಳ್ಳೂ ಮೊದಲ ಕಾಲು ಬಡದು ನೋಡ್ರಿ. ತೂತಿನಿಂದ ಹಿಟ್ಟಿನಂಥಾ ಹೊಸಾ ಪುಡಿ ಉದುರಿದ್ರ ಹುಳ ಇನ್ನೂ ಒಳಗ ಇರತೈತಿ. ಬರೇ ಹಳೇ ತೂತು ಇದ್ರ ಅಷ್ಟ ಹೆದರಬ್ಯಾಡ್ರಿ.

2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ರಾಮದುರ್ಗ, ಸವದತ್ತಿ ಕಡೆ ಮನಿಯೊಳಗ ನೀರು ಹೊಕ್ಕಿತ್ತು. ನೀರು ಕುಡದ ಕಟ್ಟಿಗಿ ಬಿಸಲಿಗೆ ಇಡಬಾರದ್ರಿ. ಮ್ಯಾಲಿಂದು ಬ್ಯಾಗ ಒಣಗಿ ಕುಗ್ಗತೈತಿ, ಒಳಗಿಂದು ಹಸೀನ ಇರತೈತಿ. ಅಲ್ಲೇ ಸೀಳತೈತಿ. ನೆರಳಾಗ, ಗಾಳಿಗೆ, ವಾರಗಟ್ಟಲೆ ಬಿಡ್ರಿ.

ಪಾಲಿಶ್ ಪೇಪರ್ ಕಟ್ಟಿಗಿ ಎಳಿ ಹಿಡದ ಉಜ್ರಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಆದ ಮ್ಯಾಲ ಎದ್ದು ಕಾಣ್ತಾವು. ಅರಗು ಸ್ಪಿರಿಟಿನ್ಯಾಗ ಕರಗಿಸಿ, ಅರಿವಿ ಉಂಡಿಲೆ ತೆಳ್ಳಗ ಹಚ್ರಿ. ಮ್ಯಾಲ ಬಿಸಿ ಚಾ ಕಪ್ ಇಟ್ರ ಬಿಳಿ ಕಲಿ ಬೀಳತೈತಿ. ಇದನ್ನ ಮಾರೂ ಮೊದಲ ಹೇಳಬೇಕು, ಆಮ್ಯಾಲ ಜಗಳ ಬ್ಯಾಡ.

ಕಲಘಟಗಿ ತೊಟ್ಟಿಲ ಸಿಕ್ರ ಮಾತ್ರ ಉಜ್ಜಾಕ ಹೋಗಬ್ಯಾಡ್ರಿ! ಅದರ ಕಿಮ್ಮತ್ತು ಇರೂದ ಅರಗಿನ ಬಣ್ಣದಾಗ, ಚಿತ್ರದಾಗ. ಕೆರದ್ರ ಉಳಿಯೂದು ಬರೇ ಕಟ್ಟಿಗಿ. ಧೂಳ ಒರಸ್ರಿ, ಸಾಕು.

ಹೊರಸಿನ ಮ್ಯಾಲ ಈ ಕೌದಿ ಐತಲ್ಲ, ಹಳೇ ಸೀರಿ ಪದರ ಪದರ ಇಟ್ಟು ಕೈಲೆ ಹೊಲದದ್ದು. ಕಿತ್ತೂರ ಸೀಮ್ಯಾಗ ಇದನ್ನ ಹೊಚ್ಚಿಕೊಂಡ ಬೆಳದಾವರ ಭಾಳ ಮಂದಿ. ಈಗ ಶಹರದಾವ್ರು ಗ್ವಾಡಿಗೆ ತೂಗಹಾಕಾಕ ಕೇಳ್ತಾರ. ಹಾಕ್ಲಿ ಬಿಡ್ರಿ. ರೇಟ್ ಹೇಳೂವಾಗ ಮಾತ್ರ ಹೊಲದಾಕಿ ಕೂಲಿ ಮೊದಲ ಎಣಿಸ್ರಿ, ಅರಿವಿ ರೊಕ್ಕ ಆಮ್ಯಾಲ.