ಫಿಯೆಟ್ಟಿನ ಮೈ ತಿದ್ದುವವರು

ಬೆಂಗಳೂರಿನ ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ ಕಡೆಗೆ ಹೊರಟರೆ ಜೆ.ಸಿ. ರಸ್ತೆ. ರವೀಂದ್ರ ಕಲಾಕ್ಷೇತ್ರ ದಾಟಿದ್ದೇ ತಡ, ಸೀಟು ಕವರು, ಹಾರ್ನು, ಬಂಪರುಗಳ ಅಂಗಡಿಸಾಲು. ಆ ಸಾಲಿನ ಹಿಂದೆ, ಕಲಾಸಿಪಾಳ್ಯದತ್ತ ತಿರುಗುವ ಗಲ್ಲಿಯೊಂದರ ಶೆಡ್ಡಿನಲ್ಲಿ ಒಂದು ಫಿಯೆಟ್ 1100 ಮರದ ದಿಮ್ಮಿಗಳ ಮೇಲೆ ಕೂತಿದೆ. ಚಕ್ರವಿಲ್ಲ, ಗಾಜಿಲ್ಲ, ಎಂಜಿನ್ನಿಲ್ಲ. ಕಳಚಿದ ಬಾಗಿಲುಗಳು ಗೋಡೆಗೆ ಒರಗಿವೆ. ಡಿಕ್ಕಿಯ ಮುಚ್ಚಳ ಸದ್ಯಕ್ಕೆ ಟೀ ಲೋಟ ಇಡುವ ಮೇಜು. ನಂಬರ್ ಪ್ಲೇಟು ಮಾತ್ರ ಇದ್ದಲ್ಲೇ ಇದೆ: ‘ಎಂವೈ’ ಎಂದು ಶುರುವಾಗುವ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದ ಕಾಲದ ನಂಬರು.

ಕಾರಿನ ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಇದು ಅವರ ತಂದೆ ಕೊಂಡದ್ದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಪ್ರಧಾನಿಯಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರೇ ಸುಮಾರು 12,000 ರೂಪಾಯಿಯ ಫಿಯೆಟ್ಟಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ಸಾಲ ಮಾಡಿದ್ದರು. ಅವರು 1966ರಲ್ಲಿ ತೀರಿಕೊಂಡ ಮೇಲೆ ಪತ್ನಿ ಲಲಿತಾ ಶಾಸ್ತ್ರಿ ಪಿಂಚಣಿ ಹಣದಲ್ಲಿ ಅದನ್ನು ತೀರಿಸಿದರು. ಯಜಮಾನರು ಈ ಕಥೆಯನ್ನು ಶೆಡ್ಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಮೇಸ್ತ್ರಿ ಪ್ರತಿಸಲವೂ ಮೊದಲ ಸಲ ಕೇಳಿದವರಂತೆ ತಲೆಯಾಡಿಸುತ್ತಾರೆ.

ಮೇಸ್ತ್ರಿಗೆ ಎಪ್ಪತ್ತರ ಹತ್ತಿರ. ಅವರದು ಟಿಂಕರಿಂಗ್, ಎಂದರೆ ತಗಡಿನ ಕೆಲಸ. ಅಂಗಿಯ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ಹೊಳೆಯುವ ಹಳೆಯ ಕಾರು ಕಂಡರೆ ಅದನ್ನು ತೆಗೆದು ಮಡ್‌ಗಾರ್ಡಿಗೆ ಒತ್ತುತ್ತಾರೆ. ಕಚ್ಚಿದರೆ ತಗಡು; ಜಾರಿ ಬಿದ್ದರೆ ಬಣ್ಣದ ಕೆಳಗೆ ಇರುವುದು ಪುಟ್ಟಿ. ಮದುವೆ ಮೆರವಣಿಗೆಗೆ ಹೂವು ಹೊತ್ತು ನಿಲ್ಲುವ ಎಷ್ಟೋ ಸುಂದರಿಯರು ಈ ಪರೀಕ್ಷೆಯಲ್ಲಿ ಮಾನ ಕಳೆದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಹಾಗೆ ಪುಟ್ಟಿ ಮೆತ್ತಿದ ಕಾರಿಗಿಂತ ನೆಗ್ಗು ಉಳಿಸಿಕೊಂಡ ಕಾರೇ ಮರ್ಯಾದಸ್ಥ.

ಈ ಫಿಯೆಟ್ಟಿನ ರೋಗವಿದ್ದದ್ದು ತಳದಲ್ಲಿ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದಿತ್ತು. ಮಳೆ ನೀರು ಇಳಿದು, ಮ್ಯಾಟಿನ ಕೆಳಗೆ ನಿಂತು, ನೆಲದ ತಗಡನ್ನು ತಿಂದುಹಾಕಿತ್ತು. ಈ ಕಾರಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ನೆಲ, ಕಂಬ, ಮಾಡು ಎಲ್ಲ ಸೇರಿಯೇ ಭಾರ ಹೊರುವುದು. ಹಾಗೆಂದೇ ಕೊಳೆತ ನೆಲವನ್ನು ನೇರ ಕತ್ತರಿಸುವಂತಿಲ್ಲ. ಮೇಸ್ತ್ರಿ ಮೊದಲು ಬಾಗಿಲಿನ ತೆರವುಗಳಿಗೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಬೆಸೆದರು. ಅದಿಲ್ಲದೆ ಕೊಯ್ದರೆ ಮೈ ಕೂದಲೆಳೆಯಷ್ಟು ಕುಸಿಯುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ತುಕ್ಕು ಹಿಡಿದಷ್ಟನ್ನೇ ತೆಗೆದು, ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಹೊಸ ತಗಡನ್ನು ಅದೇ ಏರಿಳಿತಕ್ಕೆ ಬಡಿದು ಕೂರಿಸಿದರು. ಒಳ್ಳೆಯ ತಗಡಿನ ಒಂದಂಗುಲವನ್ನೂ ಬಿಸಾಡಲಿಲ್ಲ. “ಇಂಥ ದಪ್ಪದ ತಗಡು ಈಗ ಯಾರು ಕೊಡ್ತಾರೆ ಸಾರ್?”

ನೋಡಬೇಕಾದದ್ದು ಅವರು ನೆಗ್ಗು ತೆಗೆಯುವುದನ್ನು. ಎಡಗೈ ಮಡ್‌ಗಾರ್ಡಿನ ಒಳಕ್ಕೆ ಹೋಗುತ್ತದೆ. ಅದರಲ್ಲಿ ಮುಷ್ಟಿಗಾತ್ರದ ಉಕ್ಕಿನ ಗಟ್ಟಿ, ಡಾಲಿ. ಬಲಗೈಯಲ್ಲಿ ಚಪ್ಪಟೆ ಸುತ್ತಿಗೆ. ಮೃದಂಗಕ್ಕೆ ಶ್ರುತಿ ಕೂಡಿಸುವವರ ಹಾಗೆ ಸುತ್ತಲೂ ಸಣ್ಣ ಸಣ್ಣ ಪೆಟ್ಟು, ನಡುನಡುವೆ ಕಿವಿಗೊಟ್ಟು ಕೇಳುವುದು. ಕೆಳಗೆ ಡಾಲಿ ಕೂತಿದ್ದರೆ ಒಂದು ಸದ್ದು, ತಪ್ಪಿದ್ದರೆ ಇನ್ನೊಂದು. ಹೆಚ್ಚು ಬಡಿದರೆ ತಗಡು ಹಿಗ್ಗಿ, ಒತ್ತಿದಲ್ಲಿ ಡಬ್ ಡಬ್ ಎನ್ನತೊಡಗುತ್ತದೆ. ಆಗ ಗ್ಯಾಸಿನ ಉರಿಯಲ್ಲಿ ಆ ಬಿಂದುವನ್ನಷ್ಟೇ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಬೇಕು. ಚುಸ್ಸೆಂದು ಆವಿ ಏಳುತ್ತದೆ, ತಗಡು ಕುಗ್ಗುತ್ತದೆ. ಕಣ್ಣು ಮುಚ್ಚಿ ಅಂಗೈ ಸವರಿ ನೋಡುವುದು ಕೊನೆಯ ತಪಾಸಣೆ. ಶಿಷ್ಯನೊಬ್ಬ ಇದನ್ನು ಮೊಬೈಲಿನಲ್ಲಿ ಹಿಡಿಯುತ್ತಿರುತ್ತಾನೆ. ಸುತ್ತಿಗೆ ಹಿಡಿ ಎಂದರೆ ಮಾತ್ರ ಫೋನು ಬಂತೆಂದು ಹೊರಗೆ ನಡೆಯುತ್ತಾನೆ.

ಬಣ್ಣದ ವಿಚಾರದಲ್ಲಿ ಯಜಮಾನರಿಗೂ ಅವರ ಅಕ್ಕನಿಗೂ ಜಗಳ. ತಮ್ಮನ ನೆನಪಿನಲ್ಲಿ ಕಾರು ಬಿಳಿ, ಅಕ್ಕನ ನೆನಪಿನಲ್ಲಿ ನೀಲಿ. ಬಾಗಿಲಿನ ಒಳಹೊದಿಕೆ ಬಿಚ್ಚಿದಾಗ, ಬಿಸಿಲು ಕಾಣದ ಮೂಲೆಯಲ್ಲಿ ತಿಳಿನೀಲಿ ಹಾಗೇ ಕೂತಿತ್ತು. ಮೇಲಿನ ಬಿಳಿ ಆಮೇಲಿನದು. ಅಕ್ಕ ಗೆದ್ದರು, ಗೆದ್ದ ಖುಷಿಗೆ ಪೇಂಟಿಂಗ್ ಖರ್ಚಿನ ಅರ್ಧ ಅವರದೇ ಆಯಿತು.

ಬಿಡಿಭಾಗಗಳಿಗೆ ಶಿವಾಜಿನಗರದ ಗುಜರಿ. ಕುರ್ಲಾದ ಪ್ರೀಮಿಯರ್ ಕಂಪನಿ ಇದೇ ಕಾರನ್ನು 1970ರ ದಶಕದಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಮಾರಿದ್ದು ದೊಡ್ಡ ಉಪಕಾರ. ಪದ್ಮಿನಿಯ ಎಂಜಿನ್ ಸಾಮಾನು ಬಹುಮಟ್ಟಿಗೆ ಇದಕ್ಕೂ ಕೂರುತ್ತದೆ. ಮುಂದಿನ ಗ್ರಿಲ್ಲು ಮಾತ್ರ ಒಗ್ಗುವುದಿಲ್ಲ. ಮುಂಬಯಿಯ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಗಳ ಗಡುವು 2023ರ ಅಕ್ಟೋಬರಿನಲ್ಲಿ ಮುಗಿದ ಮೇಲೆ, ಮಾರುವವರ ಹಿಡಿತ ಇನ್ನಷ್ಟು ಬಿಗಿಯಾಗಿದೆ. ಒಂದು ಹಳೆಯ ಬಾಗಿಲ ಹಿಡಿಕೆಗೆ ವ್ಯಾಪಾರಿ ಹೇಳುವ ಬೆಲೆ ಕೇಳಿ ಯಜಮಾನರು ಎದ್ದು ಹೊರಡುತ್ತಾರೆ, ಮೂರು ಅಂಗಡಿ ದಾಟಿ ತಿರುಗಿ ಬರುತ್ತಾರೆ. ಇಬ್ಬರಿಗೂ ಅದು ಗೊತ್ತಿರುತ್ತದೆ.

ಎಂಜಿನ್ ಲೇತಿನವನ ಪಾಲು. 1089 ಸಿಸಿ, ನಾಲ್ಕು ಸಿಲಿಂಡರು. ಹಿಂದೆ ಬೋರ್ ಮಾಡಿ ಮಾಡಿ ಗೋಡೆ ತೆಳುವಾಗಿದ್ದರಿಂದ ಸ್ಲೀವ್ ಹೊಡೆದು, ಮೂಲದ 68 ಮಿಲಿಮೀಟರಿಗೆ ತಂದ. ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್ನು ಇದು. ದೇಶದಲ್ಲಿ ಆ ಪೆಟ್ರೋಲು 2000ದಲ್ಲೇ ನಿಂತಿತು, ಈಗಿನದರಲ್ಲಿ ಎಥನಾಲ್. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆಂದು ಪೆಟ್ರೋಲಿನ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಬದಲಿಸಿದ್ದಾಯಿತು.

ಮಳೆಗಾಲ ಕಳೆದು, ನೀಲಿ ಬಣ್ಣ ಒಣಗಿ, ಟ್ರಯಲ್ಲಿನ ದಿನ ಬಂತು. ಯಜಮಾನರ ಮೊಮ್ಮಗ ಚಾಲಕನ ಸೀಟಿಗೆ ಹತ್ತಿ, ಕಾಲ ಬಳಿ ಕೈಯಾಡಿಸಿ ಗೇರು ಹುಡುಕಿದ. “ಮೇಲೆ ನೋಡೋ, ಸ್ಟೇರಿಂಗ್ ಕೆಳಗಿದೆ” ಎಂದು ಅಜ್ಜ ನಕ್ಕರು. ಚೋಕ್ ಎಳೆದು ಸೆಲ್ಫ್ ಹೊಡೆದರೆ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿಯಿತು.

ಯಜಮಾನರು ಮೈಸೂರಿಗೆ ಹೋಗಿ ಬರುವ ಮಾತೆತ್ತಿದರು.

“ಹೋಗಿ ಸಾರ್. ಆದ್ರೆ ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸಬೇಡಿ” ಎಂದರು ಮೇಸ್ತ್ರಿ. “ನಾಲ್ಕಕ್ಕೂ ಡ್ರಮ್ ಬ್ರೇಕು. ನಿಲ್ಲುತ್ತೆ, ಸ್ವಲ್ಪ ಯೋಚನೆ ಮಾಡಿ ನಿಲ್ಲುತ್ತೆ.”

“ಹಾಗಾದ್ರೆ ಹಿಂದೆ ‘ಅಂತರವಿರಲಿ’ ಅಂತ ಬರೆಸಿಬಿಡಿ ಮೇಸ್ತ್ರೀ.”

“ಮುಂದಿನೋರಿಗೆ ಕಾಣೋ ಹಾಗೆ ಬಾನೆಟ್ ಮೇಲೆ ಬರೆಸಬೇಕು ಸಾರ್ ಅದನ್ನ. ಅಕ್ಷರದ ಕೂಲಿ ಬೇರೆ.”