ಸ್ಪೋರ್ಟ್ಸ್ ಕಾರಿನ ಚಕ್ರಗಳು ಮತ್ತು ಟೈರುಗಳು: ಬೀದಿಗೆ ಯಾವುದು, ಪಂದ್ಯಪಥಕ್ಕೆ ಯಾವುದು

ಕುಣಿಗಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ದಂಡಿಗೆ ಕುದುರೆಗಳನ್ನು ಒದಗಿಸಿದ ಸ್ಥಳವೆಂದು ಪ್ರಸಿದ್ಧವಾದುದು. ಮುಂದಿನ ಕಾಲದಲ್ಲಿ ಅದು ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಕುದುರೆಯ ವಿಷಯ ಬಲ್ಲವರಿಗೆ ಒಂದು ಸಂಗತಿ ಗೊತ್ತುಂಟು: ಅಭ್ಯಾಸದ ದಿನಗಳಲ್ಲಿ ಪಂದ್ಯದ ಕುದುರೆಗೆ ಉಕ್ಕಿನ ಲಾಳವನ್ನು ಕಟ್ಟುವುದು ವಾಡಿಕೆ, ಪಂದ್ಯದ ಹೊತ್ತಿಗೆ ಅದನ್ನು ತೆಗೆದು ತೆಳುವಾದ ಅಲ್ಯುಮಿನಿಯಂ ಲಾಳವನ್ನು ಕಟ್ಟುವರು. ಓಡುವ ಕಾಲಿನ ತುದಿಯಲ್ಲಿ ಕಳೆದ ಅಲ್ಪ ಭಾರಕ್ಕೆ ಬೆನ್ನಿನ ಮೇಲೆ ಕಳೆದ ಭಾರಕ್ಕಿಂತ ಬೆಲೆ ಹೆಚ್ಚು. ಆದರೆ ಆ ಹಗುರ ಲಾಳ ಬೇಗ ಸವೆಯುತ್ತದೆ. ಕಲ್ಲುರಸ್ತೆಯ ದಿನನಿತ್ಯದ ನಡೆಗೆ ಅದು ತಕ್ಕುದಲ್ಲ.

ಸ್ಪೋರ್ಟ್ಸ್ ಕಾರನ್ನು ಕೊಂಡವರ ಮುಂದೆಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಿಲ್ಲುತ್ತದೆ. ತುಮಕೂರಿನಲ್ಲಿ ವಾಸ, ವರ್ಷಕ್ಕೆ ಒಂದೆರಡು ಬಾರಿ ಚೆನ್ನೈನ ಬಳಿ ಇರುಂಗಾಟ್ಟುಕೋಟ್ಟೆಯಲ್ಲಿ ೧೯೯೦ರಲ್ಲಿ ತೆರೆದ ಪಂದ್ಯಪಥಕ್ಕೋ ಕೊಯಮತ್ತೂರಿನ ಕರಿ ಪಥಕ್ಕೋ ಹೋಗಿ ಕಾರನ್ನು ಮನಸಾರೆ ಓಡಿಸಿ ಬರಬೇಕೆಂಬ ಆಸೆ. ಇಂಥವರು ಟೈರಿನ ಅಂಗಡಿಗೆ ಹೋದರೆ ಅಲ್ಲಿ ಮೊದಲು ಕಾಣುವುದು ದೊಡ್ಡ ಚಕ್ರ, ಅಗಲವಾದ ಟೈರು. ಅವುಗಳ ಅಂದಕ್ಕೆ ಮನಸೋಲುವುದು ಸಹಜ. ಆದರೆ ಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಸಾವಿರದ ಇನ್ನೂರು ಕಿಲೋಗ್ರಾಂ ತೂಕದ ಕಾರೊಂದಿದೆ ಎನ್ನೋಣ. ಪ್ರತಿಯೊಂದು ಚಕ್ರದ ಮೇಲೆ ಸರಾಸರಿ ೩೦೦ ಕಿಲೋ ಭಾರ. ಟೈರಿನಲ್ಲಿ ಚದರ ಅಂಗುಲಕ್ಕೆ ೩೨ ಪೌಂಡು ಗಾಳಿ ಇದ್ದರೆ, ನೆಲವನ್ನು ಮುಟ್ಟುವ ಭಾಗ ಹೆಚ್ಚು ಕಡಮೆ ೧೩೦ ಚದರ ಸೆಂಟಿಮೀಟರ್, ಎಂದರೆ ಒಂದು ಅಂಗೈಯಷ್ಟು. ವೇಗ, ತಿರುವು, ನಿಲುಗಡೆ ಎಲ್ಲವೂ ಇಂಥ ನಾಲ್ಕು ಅಂಗೈಗಳ ಹಿಡಿತಕ್ಕೆ ಒಳಪಟ್ಟವು. ಟೈರನ್ನು ಅಗಲ ಮಾಡಿ ಗಾಳಿಯ ಒತ್ತಡವನ್ನು ಅಷ್ಟೇ ಇಟ್ಟರೆ ಆ ಅಂಗೈಯ ವಿಸ್ತಾರ ಬಹಳವಾಗಿ ಹೆಚ್ಚುವುದಿಲ್ಲ. ಉದ್ದ ಕಡಮೆಯಾಗಿ ಅಗಲ ಹೆಚ್ಚುತ್ತದೆ, ಆಕಾರ ಬದಲಾಗುತ್ತದೆ. ತಿರುವಿನಲ್ಲಿ ಅದರಿಂದ ಪ್ರಯೋಜನವುಂಟು, ನಿಜ. ಆದರೆ ಅಗಲ ಎರಡರಷ್ಟಾದರೆ ಹಿಡಿತವೂ ಎರಡರಷ್ಟಾದೀತೆಂಬುದು ಭ್ರಮೆ. ಹಿಡಿತವನ್ನು ನಿರ್ಣಯಿಸುವುದು ಬಹುಮಟ್ಟಿಗೆ ರಬ್ಬರಿನ ಪಾಕ.

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಅಂಕೆಗಳನ್ನು ಓದಲು ಕಲಿತರೆ ಅರ್ಧ ವಿಷಯ ತಿಳಿದಂತೆ. ೨೦೫/೫೫ ಆರ್ ೧೬, ೯೧ ವಿ ಎಂದಿದ್ದರೆ, ಟೈರಿನ ಅಗಲ ೨೦೫ ಮಿಲಿಮೀಟರ್; ಪಕ್ಕೆಯ ಎತ್ತರ ಅದರ ನೂರಕ್ಕೆ ೫೫ ಪಾಲು, ಎಂದರೆ ೧೧೩ ಮಿಲಿಮೀಟರ್; ರಿಮ್ಮಿನ ವ್ಯಾಸ ೧೬ ಅಂಗುಲ. ೯೧ ಎಂಬುದು ಒಂದು ಟೈರು ಹೊರಬಲ್ಲ ೬೧೫ ಕಿಲೋ ಭಾರದ ಗುರುತು. ವಿ ಎಂಬುದು ಗಂಟೆಗೆ ೨೪೦ ಕಿಲೋಮೀಟರಿನ ಮಿತಿ. ಇದೇ ಕಾರಿಗೆ ೨೨೫/೪೦ ಆರ್ ೧೮ ಹಾಕಿಸಿದರೆ ಚಕ್ರದ ಒಟ್ಟು ವ್ಯಾಸ ಕೇವಲ ಐದಾರು ಮಿಲಿಮೀಟರ್ ವ್ಯತ್ಯಾಸವಾದೀತು, ವೇಗಸೂಚಿ ಅಷ್ಟೇನೂ ಸುಳ್ಳು ಹೇಳದು. ಆದರೆ ಪಕ್ಕೆ ೧೧೩ರಿಂದ ೯೦ ಮಿಲಿಮೀಟರಿಗೆ ಇಳಿಯಿತು. ಅಷ್ಟು ರಬ್ಬರು ಮತ್ತು ಗಾಳಿಯ ಮೆತ್ತೆ ಹೋಗಿ, ಅದರ ಸ್ಥಳದಲ್ಲಿ ಲೋಹ ಬಂದಿತು.

ಈಗ ಗುಬ್ಬಿ ತಾಲ್ಲೂಕಿನ ಒಳರಸ್ತೆಗಳನ್ನು ನೆನೆಯಿರಿ. ತೆಂಗು ಅಡಿಕೆಯ ತೋಟಗಳ ನಡುವೆ ಹಾಯುವ ಈ ರಸ್ತೆಗಳಲ್ಲಿ ಹೇಳದೆ ಕೇಳದೆ ಎದುರಾಗುವ ಉಬ್ಬುಗಳು, ಮಳೆಗಾಲ ಕಳೆದ ಮೇಲೆ ಅಂಚು ಮುರಿದ ಗುಂಡಿಗಳು. ಬೆಲ್‌ಫಾಸ್ಟಿನ ಡನ್‌ಲಪ್ ೧೮೮೮ರಲ್ಲಿ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ಕಟ್ಟಿದ್ದು ಇಂಥ ಕುಲುಕಾಟವನ್ನು ತಪ್ಪಿಸುವುದಕ್ಕೇ. ಆ ಮೆತ್ತೆಯನ್ನು ಕಳೆದುಕೊಂಡ ಚಕ್ರ ಗುಂಡಿಗೆ ಬಿದ್ದಾಗ ಟೈರು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲು ಕಡಿದು ಪಕ್ಕೆಯಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ಚಿಕಿತ್ಸೆಯಿಲ್ಲ. ಉಕ್ಕಿನ ರಿಮ್ಮು ಬಾಗುತ್ತದೆ. ಎರಕದ ಅಲ್ಯುಮಿನಿಯಂ ರಿಮ್ಮು ಬಿರಿಯುವುದೂ ಉಂಟು. ಬಡಿದು ರೂಪಿಸಿದ ರಿಮ್ಮು ಹಗುರವೂ ಹೌದು, ಗಟ್ಟಿಯೂ ಹೌದು. ಬೆಲೆ ಮಾತ್ರ ಕೇಳಿದವರ ಉತ್ಸಾಹವನ್ನು ತಣ್ಣಗಾಗಿಸುವಂಥದು. ಅಂತೂ ನಮ್ಮ ಜಿಲ್ಲೆಯ ರಸ್ತೆಗಳಿಗೆ ಬ್ರೇಕಿನ ಮೇಲೆ ಕೂಡುವ ಚಿಕ್ಕ ಚಕ್ರವೇ ಲೇಸು. ಪಂದ್ಯಪಥದಲ್ಲಿಯೂ ಅದು ನಷ್ಟವಲ್ಲ. ಚಿಕ್ಕ ಚಕ್ರ ಸಾಮಾನ್ಯವಾಗಿ ಹಗುರ, ಹಗುರ ಚಕ್ರ ನೆಲವನ್ನು ಬಿಡದೆ ಹಿಂಬಾಲಿಸುತ್ತದೆ.

ಇನ್ನು ರಬ್ಬರಿನ ವಿಷಯ. ಪಂದ್ಯಪಥದ ಟೈರಿನ ರಬ್ಬರು ಮೃದು. ಕಾದ ಮೇಲೆ ಅಂಟಿನಂತೆ ಹಿಡಿಯುತ್ತದೆ. ಗೀರುಗಳು ಕಡಮೆ, ಆಳವೂ ಕಡಮೆ. ಒಣನೆಲದಲ್ಲಿ ಇದಕ್ಕೆ ಸಮನಾದುದಿಲ್ಲ. ಬೀದಿಯ ಟೈರನ್ನು ಹಾಗೆಯೇ ಪಥಕ್ಕೆ ಒಯ್ದರೆ ನಾಲ್ಕಾರು ಸುತ್ತುಗಳಲ್ಲಿ ಅತಿಯಾಗಿ ಕಾದು ಜಾರತೊಡಗುತ್ತದೆ. ಹೊಚ್ಚ ಹೊಸದಾದರೆ ಎತ್ತರದ ರಬ್ಬರು ಮುದ್ದೆಗಳು ತಿರುವಿನಲ್ಲಿ ಓಲಾಡಿ ಕಿತ್ತುಬರುವುದೂ ಉಂಟು. ಹೀಗಿರುವಲ್ಲಿ ಪಥದ ಟೈರನ್ನೇ ಹಾಕಿಕೊಂಡು ಮನೆಯಿಂದ ಹೊರಟರೇನು ಎಂದು ಯುವಕರು ಕೇಳುತ್ತಾರೆ.

ತುಮಕೂರಿನಿಂದ ಇರುಂಗಾಟ್ಟುಕೋಟ್ಟೆಗೆ ಒಂದು ದಿಕ್ಕಿಗೇ ಮುನ್ನೂರೈವತ್ತು ಕಿಲೋಮೀಟರಿಗೆ ಮೇಲ್ಪಟ್ಟ ಹಾದಿ. ಕ್ಯಾತ್ಸಂದ್ರ ದಾಟಿ ದಾಬಸ್‌ಪೇಟೆಯತ್ತ ಬರುವಾಗ ಸಂಜೆಯ ಮಳೆ ಹಿಡಿಯಿತೆನ್ನಿ. ಟೈರಿನ ಗೀರುಗಳೆಂದರೆ ನೀರನ್ನು ಹೊರಚೆಲ್ಲುವ ಕಾಲುವೆಗಳು. ಅವಿಲ್ಲದ ನುಣುಪು ಟೈರು ನಿಂತ ನೀರಿನ ಮೇಲೆ ದೋಣಿಯಂತೆ ತೇಲುತ್ತದೆ. ವಿಮಾನದ ಚಕ್ರಗಳ ಮೇಲೆ ನಡೆದ ಪ್ರಯೋಗಗಳಿಂದ ಅಮೆರಿಕದ ನಾಸಾ ಸಂಸ್ಥೆಯವರು ಕಂಡುಕೊಂಡ ಸೂತ್ರದಂತೆ ಲೆಕ್ಕ ಹಾಕಿದರೆ, ೩೨ ಪೌಂಡು ಗಾಳಿಯ ನುಣುಪು ಟೈರು ತೇಲತೊಡಗುವುದು ಗಂಟೆಗೆ ಸುಮಾರು ೯೪ ಕಿಲೋಮೀಟರ್ ವೇಗದಲ್ಲಿ. ಹೆದ್ದಾರಿಯಲ್ಲಿ ಅದು ಸಾಧಾರಣ ವೇಗವಷ್ಟೆ. ತೇಲದಿದ್ದರೂ ಹಿಡಿತ ಕುಗ್ಗುವುದು ಖಂಡಿತ. ನೂರು ಕಿಲೋಮೀಟರ್ ವೇಗದಲ್ಲಿರುವ ಕಾರು ಘರ್ಷಣೆಯ ಗುಣಾಂಕ ೦.೮ ಇದ್ದರೆ ಬ್ರೇಕು ಹಿಡಿದ ಮೇಲೆ ೪೯ ಮೀಟರಿನಲ್ಲಿ ನಿಲ್ಲುತ್ತದೆ, ಅದು ೦.೪ಕ್ಕೆ ಇಳಿದರೆ ೯೮ ಮೀಟರ್ ಬೇಕು. ಆ ಹೆಚ್ಚಿನ ೪೯ ಮೀಟರಿನೊಳಗೆ ರಸ್ತೆ ದಾಟುವ ಶಾಲೆಯ ಮಕ್ಕಳಿರಬಹುದು, ದೀಪವಿಲ್ಲದೆ ನಿಂತ ಲಾರಿ ಇರಬಹುದು.

ಆದುದರಿಂದ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಪಥಕ್ಕೆ ಹೋಗುವವರಿಗೆ ನಮ್ಮ ಸಲಹೆ ಇದು: ಕಾರು ತಯಾರಿಸಿದವರು ಹೇಳಿದ ಅಳತೆಯಲ್ಲಿಯೇ, ಮಳೆಯಲ್ಲೂ ಹಿಡಿಯುವ ಉತ್ತಮ ದರ್ಜೆಯ ಬೀದಿಯ ಟೈರು ಒಂದೇ ಜೊತೆ ಸಾಕು, ಪಥದಲ್ಲಿ ಅದು ಕಾದಾಗ ಒಂದು ಸುತ್ತು ನಿಧಾನವಾಗಿ ಓಡಿಸಿ ತಣಿಸಿಕೊಳ್ಳಲಿ. ತಿಂಗಳು ತಿಂಗಳೂ ಹೋಗುವವರು ಎರಡನೆಯ ಜೊತೆ ಚಕ್ರಗಳಲ್ಲಿ ಪಥದ ಟೈರುಗಳನ್ನು ಕೂಡಿಸಿ, ಬೇರೆ ವಾಹನದಲ್ಲಿ ಸಾಗಿಸಲಿ. ಆ ಚಕ್ರಗಳ ಬೋಲ್ಟಿನ ತೂತುಗಳ ವೃತ್ತ, ನಡುವಿನ ಕಂಡಿ, ಆಫ್‌ಸೆಟ್ ಎಂಬ ಒಳಹೊರ ಸರಿತ, ಈ ಮೂರೂ ಮೂಲಚಕ್ರಕ್ಕೆ ಹೊಂದಬೇಕು. ಆಫ್‌ಸೆಟ್ ತಪ್ಪಿದರೆ ಟೈರು ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ದೇವರಾಯನದುರ್ಗದ ತಿರುವುಗಳು ಹತ್ತಿರವಿರುವಾಗ ಅಷ್ಟು ದೂರ ಹೋಗುವುದೇಕೆ ಎನ್ನುವವರಿಗೆ ಉತ್ತರ ಕೊಡಲು ನಮಗೆ ಇಷ್ಟವಿಲ್ಲ. ಅದು ನರಸಿಂಹನ ದರ್ಶನಕ್ಕೆ ಹೋಗುವವರ ಹಾದಿ.

ಕೊಳ್ಳುವಾಗ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕೆಗಳನ್ನು ನೋಡತಕ್ಕದ್ದು. ೨೩೨೪ ಎಂದರೆ ೨೦೨೪ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು. ಅಂಗಡಿಯಲ್ಲಿ ಮಲಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗೀರಿನ ಆಳ ೧.೬ ಮಿಲಿಮೀಟರಿಗೆ ಇಳಿದರೆ ಟೈರು ತೀರಿತೆಂದು ತಿಳಿಯಬೇಕು. ಗೀರುಗಳೊಳಗೆ ಅಷ್ಟೇ ಎತ್ತರದ ಸಣ್ಣ ದಿಂಡುಗಳನ್ನು ಅದಕ್ಕೆಂದೇ ಇಟ್ಟಿರುತ್ತಾರೆ.

ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಪಥದಲ್ಲಿ ಟೈರು ಕಾದಂತೆ ಒಳಗಿನ ಗಾಳಿ ಹಿಗ್ಗಿ ೩೨ ಪೌಂಡು ಇದ್ದದ್ದು ೪೦ರ ಹತ್ತಿರ ಹೋಗುತ್ತದೆ. ಹಿಡಿತಕ್ಕಾಗಿ ಗಾಳಿಯನ್ನು ಬಿಟ್ಟು ೩೪ಕ್ಕೆ ತರುತ್ತಾರೆ, ಅದು ಸರಿ. ಸಂಜೆ ಟೈರು ತಣಿದಾಗ ಅದೇ ಗಾಳಿ ೨೭ಕ್ಕೆ ಇಳಿದಿರುತ್ತದೆ. ದಣಿದವರು ಇದನ್ನು ಮರೆತು, ಸಾಮಾನು ಹೇರಿ, ರಾತ್ರಿ ಹೆದ್ದಾರಿಯಲ್ಲಿ ವೇಗವಾಗಿ ಹೊರಡುತ್ತಾರೆ. ಗಾಳಿ ಕಡಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿ ಒಳಗೊಳಗೆ ಕಾಯುತ್ತ, ಕೊನೆಗೆ ಒಡೆಯುತ್ತದೆ. ಪಥದ ಬಾಗಿಲು ಬಿಡುವ ಮುನ್ನ ಟೈರುಗಳು ತಣಿಯುವವರೆಗೆ ಕಾದು ಗಾಳಿಯನ್ನು ಮತ್ತೆ ೩೨ಕ್ಕೆ ತುಂಬಿಸಿ, ಚಕ್ರಗಳನ್ನು ಬದಲಾಯಿಸಿದ್ದರೆ ಎಂಬತ್ತು ಕಿಲೋಮೀಟರ್ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ನಟ್ಟುಗಳನ್ನು ಮತ್ತೆ ಬಿಗಿಮಾಡಿಕೊಂಡು ಬರಬೇಕು.