ಸುಗಂಧವರ್ತಿ: ಗುಡ್ಡದ ದಾರಿಯಲ್ಲಿ ಮರೆತ ರಾಜಧಾನಿ

ರಾಮದುರ್ಗದಿಂದ ಸವದತ್ತಿಗೆ ಹೊರಡುವವರ ಮನಸ್ಸೆಲ್ಲ ಯಲ್ಲಮ್ಮನ ಗುಡ್ಡದ ಮೇಲಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ‘ಉಧೋ ಉಧೋ’ ಎನ್ನುತ್ತ ಲಕ್ಷಾಂತರ ಜನ ಗುಡ್ಡ ಹತ್ತುತ್ತಾರೆ. ಆದರೆ ದಾರಿಯಲ್ಲೇ ಸಿಗುವ ಸವದತ್ತಿ ಪೇಟೆ ಒಂದು ಕಾಲದ ರಾಜಧಾನಿ ಎಂಬುದು ಎಷ್ಟೋ ಭಕ್ತರಿಗೆ ಗೊತ್ತಿಲ್ಲ. ಶಾಸನಗಳು ಈ ಊರನ್ನು ಸುಗಂಧವರ್ತಿ ಎಂದು ಕರೆದಿವೆ. ಕೂಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರ ಪಟ್ಟಣವಿದು.

ಯಾವ ಧರ್ಮಕ್ಕೂ ಊರುಗಳೇ ಆಸರೆ. ಮಲಪ್ರಭೆಯ ಸೀಮೆಯಲ್ಲಿ ಜೈನ ಧರ್ಮಕ್ಕೆ ಅಂಥ ನೆಲೆ ಕೊಟ್ಟ ಊರುಗಳಲ್ಲಿ ಸುಗಂಧವರ್ತಿಗೆ ದೊಡ್ಡ ಸ್ಥಾನವಿದೆ.

ಶಕವರ್ಷ 797, ಅಂದರೆ ಕ್ರಿ.ಶ. 875ರ ಕಾಲವನ್ನು ಹೇಳುವ ಇಲ್ಲಿನ ಶಾಸನವೊಂದರಲ್ಲಿ ರಾಷ್ಟ್ರಕೂಟ ಕೃಷ್ಣನ ಸಾಮಂತ ಪೃಥ್ವೀರಾಮ ಜಿನಾಲಯ ಕಟ್ಟಿಸಿ ಭೂಮಿ ಬಿಟ್ಟ ವಿವರವಿದೆ. ಒಂದು ಶತಮಾನದ ಬಳಿಕ ರಾಷ್ಟ್ರಕೂಟರು ಅಳಿದು ಚಾಲುಕ್ಯ ತೈಲಪನ ಆಳ್ವಿಕೆ ಬಂತು. ಮೇಲಿನ ದೊರೆ ಬದಲಾದರೂ ಬಸದಿಗಳಿಗೆ ದಾನ ನಿಲ್ಲಲಿಲ್ಲ. 980ರಲ್ಲಿ ತೈಲಪನ ಸಾಮಂತ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಕೊಟ್ಟ. ಅವನ ತಾಯಿಯೂ ದಾನ ಮಾಡಿದಳು. ಬಸದಿಯ ನಿತ್ಯಪೂಜೆ, ಮುನಿಗಳ ಆಹಾರ, ಕಟ್ಟಡದ ಜೀರ್ಣೋದ್ಧಾರ ಇವೆಲ್ಲ ನಡೆಯುತ್ತಿದ್ದುದು ಹೀಗೆ ಬಿಟ್ಟ ಹೊಲಗಳ ಬೆಳೆಯಿಂದಲೇ.

ಹಾಗೆಂದು ಇದು ಒಂದೇ ಧರ್ಮದ ಊರಾಗಿ ಉಳಿಯಲಿಲ್ಲ. 1048ರಲ್ಲಿ, ಚಾಲುಕ್ಯ ಒಂದನೇ ಸೋಮೇಶ್ವರನ ಕಾಲದಲ್ಲಿ, ರಟ್ಟ ಮನೆತನದ ಅಂಕನ ಶಾಸನ ಹುಟ್ಟಿತು. ಅಂಕೇಶ್ವರ ಎಂಬ ಶಿವನ ಗುಡಿ ಇಂದಿಗೂ ಅವನ ಹೆಸರನ್ನು ಹೊತ್ತು ನಿಂತಿದೆ. ಊರಿನ ಪುರದೇಶ್ವರ ಗುಡಿಯನ್ನೂ ತಪ್ಪದೆ ನೋಡಬೇಕು.

ಸವದತ್ತಿಯ ಹಿರಿಮೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ರಟ್ಟರ ದೊರೆ ಎರಡನೇ ಲಕ್ಷ್ಮಿದೇವನ 1228ರ ಶಾಸನದಲ್ಲಿ. ಆ ಹೊತ್ತಿಗೆ ರಟ್ಟರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಒಯ್ದಿದ್ದರು. ಕೇಶಿರಾಜ ಎಂಬ ಶಿವಭಕ್ತ ಸುಗಂಧವರ್ತಿಯಲ್ಲಿ ಮಲ್ಲಿನಾಥನ ಗುಡಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಅದೇ ಕಲ್ಲು ರಾಜಗುರು ಮುನಿಚಂದ್ರದೇವರನ್ನೂ ಹಾಡಿ ಹೊಗಳುತ್ತದೆ. ಮುನಿಚಂದ್ರರು ಜೈನ ಆಚಾರ್ಯರು. ಕಷ್ಟಕಾಲದಲ್ಲಿ ರಾಜ್ಯವನ್ನು ಎತ್ತಿ ನಿಲ್ಲಿಸಿದ್ದಕ್ಕೆ ‘ರಟ್ಟರಾಜ್ಯ ಪ್ರತಿಷ್ಠಾಚಾರ್ಯ’ ಎಂದು ಬಿರುದು ಪಡೆದವರು. ಶಿವನ ಗುಡಿಯ ಶಾಸನದಲ್ಲಿ ಜೈನ ಗುರುವಿನ ಕೀರ್ತಿ ಕೊರೆಯಲು ಆ ಊರಿಗೆ ಯಾವ ಸಂಕೋಚವೂ ಇರಲಿಲ್ಲ.

ಮುಂದೆ ಸೇವುಣರ ದಾಳಿಗೆ ರಟ್ಟರ ರಾಜ್ಯ ಅಳಿಯಿತು. ಈಗ ಪೇಟೆಯ ನಡುವೆ ಎದ್ದು ಕಾಣುವ ಕೋಟೆ ಅವರದಲ್ಲ. ಸಿರಸಂಗಿ ದೇಸಗತಿಯವರು 18ನೇ ಶತಮಾನದಲ್ಲಿ ಕಟ್ಟಿಸಿದ್ದು.

ಸವದತ್ತಿಗೆ ರೈಲಿಲ್ಲ. ಧಾರವಾಡದಿಂದ ಸುಮಾರು 40 ಕಿ.ಮೀ. ದಾರಿ, ಬೈಲಹೊಂಗಲ, ರಾಮದುರ್ಗಗಳಿಂದಲೂ ಬಸ್ಸುಗಳಿವೆ. ಪೇಟೆ, ಗುಡ್ಡ, ನವಿಲುತೀರ್ಥದ ಅಣೆಕಟ್ಟು, ಹೂಲಿಯ ಪಂಚಲಿಂಗೇಶ್ವರ ಗುಡಿ ಇವನ್ನು ಒಂದೇ ಪ್ರವಾಸದಲ್ಲಿ ನೋಡಿ ಬರಬಹುದು.

ಗುಡ್ಡಕ್ಕೆ ಹೋಗುವವರು ಒಂದು ತಾಸು ಪೇಟೆಗೂ ಕೊಡಲಿ. ಪ್ರತಿ ಗುಡಿಯ ಮುಂದೆ ಅದರ ಶಾಸನದ ಸಾರವನ್ನು ತಿಳಿಗನ್ನಡದಲ್ಲಿ ಬರೆದ ಫಲಕವಿರಲಿ. ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಶಾಲೆಗಳು ಮಕ್ಕಳನ್ನು ದೂರದ ಊರುಗಳಿಗೆ ಕರೆದೊಯ್ಯುವ ಮೊದಲು ಇಲ್ಲಿಗೆ ಕರೆತರಲಿ. ಬಸದಿಗೆ ಹೊಲ ಬಿಟ್ಟವರೂ ಶಿವನಿಗೆ ಗುಡಿ ಕಟ್ಟಿಸಿದವರೂ ತಮ್ಮದೇ ಸೀಮೆಯ ಒಂದೇ ಊರಿನಲ್ಲಿ ಬಾಳಿದರು ಎಂಬುದು ಆ ಮಕ್ಕಳಿಗೆ ಚಿಕ್ಕಂದಿನಲ್ಲೇ ತಿಳಿಯಬೇಕು.